ಹೈವೇಯಲ್ಲಿ ಕಾರು ನಡುಗುತ್ತಿದೆಯಾ? ದುಡ್ಡು ಸುರಿಯುವ ಮೊದಲು ಇಷ್ಟು ಮಾಡಿ

ಊರೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಹೈವೇ ಹತ್ತಿ ಮುಳ್ಳು 80 ದಾಟುತ್ತಿದ್ದಂತೆ ಸ್ಟೇರಿಂಗ್ ಅದುರಲು ಶುರುವಾಗುತ್ತದೆ. 90ರಲ್ಲಿ ಜಾಸ್ತಿ. ಟಯರ್ ಅಂಗಡಿಗೆ ಹೋದರೆ ‘ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಎರಡೂ ಮಾಡಿಸಿಬಿಡಿ ಸಾರ್’ ಅನ್ನುತ್ತಾರೆ. ಅಲೈನ್‌ಮೆಂಟ್ ಅಂದರೆ ಚಕ್ರಗಳ ಕೋನ ಸರಿ ಮಾಡುವುದು, ಬ್ಯಾಲೆನ್ಸಿಂಗ್ ಅಂದರೆ ಚಕ್ರದ ಸುತ್ತಲೂ ತೂಕ ಸಮ ಮಾಡುವುದು. ಮಾಡಿಸುತ್ತೀರಿ. ಮುಂದಿನ ವಾರ ಮತ್ತೆ ಅದೇ ನಡುಕ.

ನನ್ನ ಕಾರಿನಲ್ಲಿ ಇದು ನಾಲ್ಕು ತಿಂಗಳು ನಡೆಯಿತು. ದಾವಣಗೆರೆಯಿಂದ ಬೆಂಗಳೂರಿಗೆ ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇನೆ. ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಸ್ವಲ್ಪ ವೇಗ ಹಿಡಿದರೆ ಸಾಕು, ಕೈಗೆ ಜುಂ ಅನ್ನುತ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಆಯಿತು, ಎರಡು ಸಲ ಅಲೈನ್‌ಮೆಂಟ್ ಆಯಿತು, ಮುಂದಿನ ಎರಡು ಟಯರೂ ಹೊಸದಾದವು. ಕೊನೆಗೆ ಒಂದು ಗ್ಯಾರೇಜಿನಲ್ಲಿ ಡ್ರೈವ್ ಶಾಫ್ಟ್ (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ದಂಡ) ಬದಲಿಸಬೇಕು ಅಂದರು. ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು: ಕಾರು ಯಾವಾಗ, ಎಲ್ಲಿ ನಡುಗುತ್ತದೆ ಅಂತ ಇಷ್ಟು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ಶುರು ಮಾಡಬೇಕಾದ್ದೇ ಅಲ್ಲಿಂದ.

ಮೊದಲು ಓಡಿಸಿ, ಬರೆದುಕೊಳ್ಳಿ

ಬೆಳಗ್ಗೆ ಟ್ರಾಫಿಕ್ ಇಲ್ಲದ ಹೊತ್ತಿಗೆ ಒಳ್ಳೆಯ ನಾಲ್ಕು ಲೇನಿನ ರಸ್ತೆಗೆ ಹೋಗಿ. ಟಯರ್ ಗಾಳಿ ಮೊದಲೇ ಸರಿ ಮಾಡಿಕೊಳ್ಳಿ. ಎಷ್ಟು ಇರಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಅಲ್ಲೇ ಸ್ಟಿಕರ್‌ನಲ್ಲಿ ಇರುತ್ತದೆ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ನೀವು ಓಡಿಸುತ್ತಾ ಫೋನ್ ಮುಟ್ಟಬೇಡಿ. 100ಕ್ಕಿಂತ ಜಾಸ್ತಿ ಹೋಗುವ ಅಗತ್ಯವೂ ಇಲ್ಲ, ಯಾಕೆಂದರೆ ಈ ತರದ ನಡುಕ ಸಾಮಾನ್ಯವಾಗಿ ಅಷ್ಟರೊಳಗೇ ಕಾಣಿಸಿಕೊಳ್ಳುತ್ತದೆ.

ಎಷ್ಟರಲ್ಲಿ ಶುರುವಾಯಿತು, ಎಷ್ಟರಲ್ಲಿ ಜಾಸ್ತಿ ಆಯಿತು? ಸ್ಟೇರಿಂಗ್ ನಡುಗುತ್ತದಾ ಅಥವಾ ಸೀಟು, ಕಾಲಡಿ ನಡುಗುತ್ತದಾ? ಎಕ್ಸಿಲರೇಟರ್ ಒತ್ತಿದಾಗ ಮಾತ್ರವಾ, ಕಾಲು ತೆಗೆದಾಗಲೂ ಇದೆಯಾ? ಬ್ರೇಕ್ ಹಾಕಿದಾಗ ಬದಲಾಗುತ್ತದಾ? ಸ್ಟೇರಿಂಗ್ ನಡುಗಿದರೆ ಬಹುತೇಕ ಮುಂದಿನ ಚಕ್ರ. ಸೀಟು ನಡುಗಿದರೆ ಬಹುತೇಕ ಹಿಂದಿನದು.

ಗೇರ್ ಕಾರಾದರೆ ಇನ್ನೊಂದು ಪರೀಕ್ಷೆ ಮಾಡಿ. ನಡುಕ ಬರುವ ವೇಗದಲ್ಲಿ, ಹಿಂದೆ ಯಾರೂ ಇಲ್ಲದಾಗ, ಎಕ್ಸಿಲರೇಟರ್ ಬಿಟ್ಟು ಎರಡು ಮೂರು ಸೆಕೆಂಡ್ ಕ್ಲಚ್ ಒತ್ತಿ ಹಿಡಿಯಿರಿ. ಎಂಜಿನ್ ಸದ್ದು ಇಳಿದರೂ ನಡುಕ ಹಾಗೇ ಇದ್ದರೆ ತೊಂದರೆ ಎಂಜಿನ್‌ದಲ್ಲ, ಉರುಳುವ ಭಾಗದ್ದು. ಆದರೆ ಓಡುವಾಗ ಕೀ ಮಾತ್ರ ಆಫ್ ಮಾಡಲೇಬೇಡಿ. ಸ್ಟೇರಿಂಗ್ ಬಿಗಿಯಾಗುತ್ತದೆ, ಲಾಕ್ ಕೂಡ ಆಗಬಹುದು, ಬ್ರೇಕಿನ ಬಲವೂ ಕಡಿಮೆಯಾಗುತ್ತದೆ.

ಇಷ್ಟು ಚಿಕ್ಕ ತೂಕಕ್ಕೆ ಇಷ್ಟು ನಡುಕವಾ?

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಆಮೇಲೆ ಎಲ್ಲವೂ ಸುಲಭ. 185/65 ಆರ್15 ಅಳತೆಯ ಟಯರ್ ಒಂದು ಸುತ್ತಿಗೆ ಹತ್ತಿರ ಹತ್ತಿರ 1.95 ಮೀಟರ್ ಹೋಗುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 14 ಸುತ್ತು. ರಿಮ್ಮಿನ ಅಂಚಿನಲ್ಲಿ ಒಂದೇ ಕಡೆ 20 ಗ್ರಾಂ ತೂಕ ಜಾಸ್ತಿ ಇದ್ದರೆ ಆ ವೇಗದಲ್ಲಿ ಅದು ಸುಮಾರು ಮೂರು ಕಿಲೋ ತೂಕದಷ್ಟು ಬಲದಲ್ಲಿ ಚಕ್ರವನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ಎಳೆಯುತ್ತದೆ. 50ರಲ್ಲಿ ಈ ಬಲ ನಾಲ್ಕನೇ ಒಂದು ಭಾಗ ಮಾತ್ರ. ಅದಕ್ಕೇ ಊರೊಳಗೆ ಗೊತ್ತಾಗುವುದಿಲ್ಲ.

ಹಾಗಾದರೆ ಕೆಲವು ಕಾರಿನಲ್ಲಿ 90ಕ್ಕೆ ಜೋರಾಗಿ ನಡುಗಿ ಆಮೇಲೆ ಕಡಿಮೆಯಾಗುವುದು ಯಾಕೆ? ಉಯ್ಯಾಲೆ ನೆನಪಿಸಿಕೊಳ್ಳಿ. ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಅದು ದೊಡ್ಡದಾಗಿ ತೂಗುತ್ತದೆ. ಸ್ಟೇರಿಂಗ್, ಸಸ್ಪೆನ್ಷನ್ ಭಾಗಗಳಿಗೂ ಅಂಥ ಒಂದು ತಾಳ ಇದೆ, ಚಕ್ರದ ಸುತ್ತು ಆ ತಾಳಕ್ಕೆ ಸರಿಯಾಗಿ ಕೂತ ವೇಗದಲ್ಲೇ ನಡುಕ ದೊಡ್ಡದಾಗುತ್ತದೆ. ಎಂಜಿನ್ 2500 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 40ಕ್ಕೂ ಜಾಸ್ತಿ ಸುತ್ತುತ್ತದೆ, ಅದರ ನಡುಕ ಸಣ್ಣಗೆ ಝೇಂಕರಿಸಿದ ಹಾಗಿರುತ್ತದೆ. ಚಕ್ರದ್ದು ದಪ್ಪ ನಡುಕ. ಎರಡು ಸಲ ಗಮನಿಸಿದರೆ ಕೈಯೇ ವ್ಯತ್ಯಾಸ ಹೇಳುತ್ತದೆ.

ಬರೆದದ್ದು ಏನು ಹೇಳುತ್ತದೆ

ಬ್ರೇಕ್ ಹಾಕಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಬ್ರೇಕ್ ಡಿಸ್ಕ್ ನೋಡಿಸಿ. ಡಿಸ್ಕ್ ಬೆಂಡಾಗಿದೆ ಅಂತಾರೆ, ಆದರೆ ಬಹಳ ಸಲ ಬೆಂಡಲ್ಲ, ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಸವೆದಿರುತ್ತದೆ. ಎಕ್ಸಿಲರೇಟರ್ ಒತ್ತಿ ಎಳೆಸಿದಾಗ ಮಾತ್ರ ನಡುಗಿ, ಕಾಲು ತೆಗೆದರೆ ನಿಂತರೆ, ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಸವೆದಿರಬಹುದು. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ ನೋಡಿ. ಬೊಲೆರೊ, ಇನ್ನೋವಾ ಕ್ರಿಸ್ಟಾ ತರದ ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಉದ್ದ ದಂಡ) ಮತ್ತು ಅದರ ಕ್ರಾಸ್ ಜಾಯಿಂಟ್ ಮೇಲೆ ಅನುಮಾನ ಪಡಬೇಕು.

ಎಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ತರ ನಡುಗುತ್ತದಾ? ಹಾಗಾದರೆ ಚಕ್ರ, ಟಯರ್, ರಿಮ್. ನನ್ನದು ಇದೇ ಆಗಿತ್ತು. ಶಾಫ್ಟ್ ಬದಲಿಸಿದ್ದರೆ ದುಡ್ಡು ಸುಮ್ನೆ ಹೋಗುತ್ತಿತ್ತು.

ಮನೆ ಮುಂದೆಯೇ ನೋಡಬಹುದಾದದ್ದು

ರಿಮ್ಮಿನ ಒಳಭಾಗ ನೋಡಿ. ಮಳೆಗಾಲದಲ್ಲಿ ತೋಟದ ದಾರಿಗೆ ಹೋಗಿ ಬಂದ ಕಾರಿನಲ್ಲಿ ಅಲ್ಲಿ ಕೆಸರು ಮೆತ್ತಿ ಒಣಗಿರುತ್ತದೆ, ಅದೇ ಸಾಕು ನಡುಕಕ್ಕೆ. ತೊಳೆದು ಮತ್ತೆ ಓಡಿಸಿ ನೋಡಿ. ಬ್ಯಾಲೆನ್ಸಿಂಗ್ ತೂಕದ ತುಂಡು ಉದುರಿದ್ದರೆ ಅಂಟಿನ ಗುರುತು ಮಾತ್ರ ಉಳಿದಿರುತ್ತದೆ. ಟಯರ್ ಒಳಗೆ ಪಂಚರ್ ಲಿಕ್ವಿಡ್ ಹಾಕಿಸಿದ್ದರೆ ಅದೂ ಒಂದು ಕಡೆ ಸೇರಿಕೊಂಡು ತೊಂದರೆ ಕೊಡಬಹುದು.

ಆಮೇಲೆ ಟಯರಿನ ಮೇಲೆ ನಿಧಾನಕ್ಕೆ ಕೈ ಆಡಿಸಿ. ತಂತಿ ಹೊರಗೆ ಬಂದಿರಬಹುದು, ಹುಷಾರು. ಪಕ್ಕದ ಗೋಡೆಯಲ್ಲಿ ಮೊಟ್ಟೆಯ ಹಾಗೆ ಉಬ್ಬಿದ್ದರೆ, ಅಥವಾ ಮೇಲ್ಭಾಗದಲ್ಲಿ ಒಂದು ಕಡೆ ಗಡ್ಡೆ ಎದ್ದಿದ್ದರೆ, ಆ ಟಯರ್‌ನಲ್ಲಿ ಹೈವೇಗೆ ಹೋಗಲೇಬೇಡಿ, ಸ್ಟೆಪ್ನಿ ಹಾಕಿ. ಒಳಗಿನ ಪದರ ಬಿಟ್ಟಿದೆ, ಯಾವಾಗ ಸಿಡಿಯುತ್ತದೆ ಅಂತ ಹೇಳಲಾಗದು. ಟಯರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಕಾರು ವಾರಗಟ್ಟಲೆ ನಿಂತಿದ್ದರೆ ಟಯರ್ ಕೆಳಗೆ ಚಪ್ಪಟೆಯಾಗಿ ನಡುಗುತ್ತದೆ. ಅದು ಹದಿನೈದು ಇಪ್ಪತ್ತು ಕಿ.ಮೀ. ಓಡಿಸಿ ಟಯರ್ ಬಿಸಿಯಾದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಮುಂದಿನದು ಹಿಂದೆ, ಹಿಂದಿನದು ಮುಂದೆ

ನನಗೆ ಉತ್ತರ ಸಿಕ್ಕಿದ್ದು ಈ ಹೆಜ್ಜೆಯಲ್ಲಿ. ಖರ್ಚೂ ಹೆಚ್ಚಿಲ್ಲ, ಪಂಚರ್ ಅಂಗಡಿಯಲ್ಲೇ ಆಗುತ್ತದೆ. ಎಡ ಮುಂದಿನ ಚಕ್ರವನ್ನು ಎಡ ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ. ಬಲಗಡೆಯೂ ಹಾಗೇ. ಮತ್ತೆ ಅದೇ ರಸ್ತೆ, ಅದೇ ವೇಗ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ತೊಂದರೆ ಆ ಚಕ್ರದ ಜೊತೆಗೇ ಹೋಗಿದೆ ಅಂತ ಅರ್ಥ. ಹೋಗದೆ ಸ್ಟೇರಿಂಗ್‌ನಲ್ಲೇ ಉಳಿದರೆ ಹಬ್ (ಚಕ್ರ ಕೂರುವ ಭಾಗ), ಬೇರಿಂಗ್, ಸ್ಟೇರಿಂಗ್‌ನ ಟೈ ರಾಡ್, ಸಸ್ಪೆನ್ಷನ್‌ನ ಬಾಲ್ ಜಾಯಿಂಟ್ ಕಡೆ ನೋಡಬೇಕು. ನನ್ನ ಕಾರಿನಲ್ಲಿ ಸೀಟಿಗೆ ಬಂತು. ಆಮೇಲೆ ಸ್ಟೆಪ್ನಿಯನ್ನು ಒಂದೊಂದೇ ಹಿಂದಿನ ಚಕ್ರದ ಜಾಗಕ್ಕೆ ಹಾಕಿ ನೋಡಿದೆ. ನಿಮ್ಮ ಸ್ಟೆಪ್ನಿ ಅಳತೆ ಬೇರೆ ಇದ್ದರೆ ಇದನ್ನು ಮಾಡಬೇಡಿ. ಎಡಗಡೆಯದನ್ನು ತೆಗೆದಾಗ ನಡುಕ ನಿಂತುಹೋಯಿತು.

ಆ ಚಕ್ರವನ್ನು ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ, ರಿಮ್ಮಿನ ಪಕ್ಕ ಒಂದು ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು ತಿರುಗಿಸಿದರು. ಹೊರ ಅಂಚು ಸರಿ ಇತ್ತು. ಒಳ ಅಂಚು ಒಂದು ಕಡೆ ಒಳಗೆ ಕುಗ್ಗಿತ್ತು. ಯಾವುದೋ ಗುಂಡಿಯ ಹೊಡೆತ. ಹೊರಗಿನಿಂದ ನೋಡಿದರೆ ಅಲಾಯ್ ರಿಮ್ಮು ಹೊಸದರ ಹಾಗೇ ಇತ್ತು! ಬ್ಯಾಲೆನ್ಸಿಂಗ್ ಅನ್ನುವುದು ತೂಕವನ್ನು ಸರಿ ಮಾಡುತ್ತದೆ, ಆಕಾರವನ್ನಲ್ಲ. ಗುಂಡಗಿಲ್ಲದ ಚಕ್ರಕ್ಕೆ ಎಷ್ಟು ತೂಕ ಅಂಟಿಸಿದರೂ ಅದು ಕುಪ್ಪಳಿಸುವುದು ನಿಲ್ಲುವುದಿಲ್ಲ.

ಅಂಗಡಿಯಲ್ಲಿ ನಿಂತು ನೋಡಿ

ಬ್ಯಾಲೆನ್ಸಿಂಗ್ ಮಾಡುವಾಗ ಪಕ್ಕದಲ್ಲೇ ನಿಲ್ಲಿ. ಹಳೆಯ ತೂಕ ಎಲ್ಲ ತೆಗೆಯಲಿ, ರಿಮ್ ಒರೆಸಲಿ. ತೂಕ ಹಾಕಿದ ಮೇಲೆ ಮತ್ತೆ ತಿರುಗಿಸಿ ಒಳಗೂ ಹೊರಗೂ ಸೊನ್ನೆ ತೋರಿಸಲಿ. ಅಷ್ಟಾದ ಮೇಲೆ ಚಕ್ರ ಬಿಚ್ಚಿ, ಸ್ವಲ್ಪ ತಿರುಗಿಸಿ, ಮತ್ತೆ ಮೆಷಿನ್ನಿಗೆ ಕೂರಿಸಿ ನೋಡಲು ಕೇಳಿ. ಆಗ ಬೇರೆ ಅಂಕಿ ಬಂದರೆ ಚಕ್ರ ಮೆಷಿನ್ನಿನ ಮೇಲೆ ಸರಿಯಾಗಿ ಕೂತಿರಲಿಲ್ಲ, ಮೊದಲು ಮಾಡಿದ್ದೆಲ್ಲ ದಂಡ. ಬೇಸರ ಮಾಡಿಕೊಂಡರೂ ಕೇಳಿ, ದುಡ್ಡು ಕೊಡುವವರು ನೀವು. ಒಂದು ಚಕ್ರಕ್ಕೆ ಮಾತ್ರ ಉಳಿದವಕ್ಕಿಂತ ತುಂಬಾ ಜಾಸ್ತಿ ತೂಕ ಬೇಕಾದರೆ ಟಯರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ನೋಡಲು ಹೇಳಿ. ಹೊರಗಿನಿಂದ ತಂದ ಅಲಾಯ್ ಹಾಕಿಸಿದ್ದರೆ ಅದರ ನಡುವಿನ ತೂತು ಹಬ್ಬಿಗೆ ಸರಿಯಾಗಿ ಕೂರುತ್ತದಾ ನೋಡಿ, ಸಡಿಲವಿದ್ದರೆ ಆ ಸಂದು ತುಂಬುವ ರಿಂಗ್ ಹಾಕಬೇಕು.

ಅಲೈನ್‌ಮೆಂಟ್ ಬೇರೆ ವಿಷಯ. ಕಾರು ಒಂದು ಕಡೆ ಎಳೆದರೆ, ಟಯರ್ ಒಂದೇ ಬದಿ ಸವೆದರೆ ಅದು ಬೇಕು. ನೇರ ರಸ್ತೆಯಲ್ಲಿ ಬರುವ ನಡುಕಕ್ಕೆ ಅದೊಂದೇ ಮದ್ದಾಗುವುದು ಅಪರೂಪ. ಇನ್ನು ಬೇರಿಂಗ್ ಹೋದರೆ ಮೊದಲು ಕೇಳಿಸುವುದು ಗುಂಯ್ ಅನ್ನುವ ಸದ್ದು, ವೇಗ ಹೆಚ್ಚಿದಂತೆ ಅದೂ ಏರುತ್ತದೆ. ಜ್ಯಾಕ್ ಹಾಕಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಲೂಸ್ ಗೊತ್ತಾಗುತ್ತದೆ.

ನನ್ನ ರಿಮ್ಮನ್ನು ಅಲಾಯ್ ಬೆಂಡ್ ತೆಗೆಯುವವರ ಹತ್ತಿರ ಕೊಟ್ಟೆ. ಸೀಳು ಬಿಟ್ಟಿರಲಿಲ್ಲ, ಹಾಗಾಗಿ ಸರಿಯಾಯಿತು. ಸೀಳಿದ್ದರೆ ವೆಲ್ಡಿಂಗ್ ಮಾಡಿಸಬೇಡಿ, ರಿಮ್ಮನ್ನೇ ಬದಲಿಸಿ. ಚಕ್ರ ಹಾಕಿಸುವಾಗ ನಟ್ಟುಗಳನ್ನು ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದ್ದು ಬಿಗಿಸುತ್ತಾ ಬರಲಿ. ಐವತ್ತು ನೂರು ಕಿ.ಮೀ. ಓಡಿದ ಮೇಲೆ ಒಂದು ಸಲ ಅವು ಬಿಗಿಯಾಗಿವೆಯಾ ಅಂತ ನೀವೇ ನೋಡಿಕೊಳ್ಳಿ.