ಪಟ್ಟಿ ‘ಪಟಿ’ ಆಗದಂತೆ: ಕ್ಲೌಡ್ ಫೋನಿನಲ್ಲಿ ವೆಬ್ ಆಪ್ ಟೆಸ್ಟ್ ಮಾಡುವುದು

ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಗೆ ನಾನೊಂದು ವೆಬ್ ಆಪ್ ಮಾಡಿಕೊಟ್ಟಿದ್ದೇನೆ. 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯಿತು, ಹಮಾಲಿ, ಗಾಡಿ ಬಾಡಿಗೆ ಕಳೆದು ಕೈಗೆ ಎಷ್ಟು ಬರುತ್ತೆ ಅಂತ ರೈತರು ಫೋನಿನಲ್ಲೇ ನೋಡಬಹುದು. ಒಂದು ದಿನ ಮಂಡಿ ಯಜಮಾನರು ಫೋನ್ ಮಾಡಿ, “ಏನಪ್ಪಾ, ಬಟನ್ ಮೇಲೆ ‘ಪಟಿ ನೋಡಿ’ ಅಂತಿದೆ?” ಅಂದರು. ನನ್ನ ಆಂಡ್ರಾಯ್ಡ್‌ನಲ್ಲಿ ‘ಪಟ್ಟಿ’ ಸರಿಯಾಗೇ ಇತ್ತು. ಅವರದು ಐಫೋನ್.

ಎಲ್ಲ ಫೋನ್ ಕೊಳ್ಳೋಕೆ ಆಗಲ್ಲ ಅಲ್ವಾ? ಬ್ರೌಸರ್‌ಸ್ಟ್ಯಾಕ್ ಥರದ ಕಡೆ ನಿಜವಾದ ಫೋನುಗಳು ನೆಟ್ ಮೂಲಕ ಬಾಡಿಗೆಗೆ ಸಿಗುತ್ತವೆ, ಇವೇ ಕ್ಲೌಡ್ ಫೋನ್. ಖಾತೆ ತೆರೆದರೆ ಒಂದು ಯೂಸರ್‌ನೇಮ್, ಒಂದು ಆಕ್ಸೆಸ್ ಕೀ. ಇವನ್ನು ಕೋಡ್‌ನಲ್ಲಿ ಬರೆಯಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಕೋಡ್‌ನ ಹೊರಗೆ ಕಂಪ್ಯೂಟರ್ ಇಟ್ಟುಕೊಳ್ಳುವ ಸೆಟ್ಟಿಂಗ್) ಇಡಿ. ನಿಮ್ಮ ಸೆಲೆನಿಯಂ (ಬ್ರೌಸರನ್ನು ಕೋಡ್‌ನಿಂದ ನಡೆಸುವ ಸಾಧನ) ಟೆಸ್ಟ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಬ್ರೌಸರ್ ನಡೆಸುವ ಡ್ರೈವರ್‌ಗೆ ಅವರ ಹಬ್ (ಟೆಸ್ಟನ್ನು ಫೋನಿಗೆ ತಲುಪಿಸುವ ಸರ್ವರ್) ವಿಳಾಸ ಕೊಟ್ಟು, ಫೋನಿನ ಹೆಸರು, ಓಎಸ್ ಆವೃತ್ತಿ, ಬ್ರೌಸರ್ ಹೇಳಿದರೆ ಸಾಕು. ಆಂಡ್ರಾಯ್ಡ್‌ಗೆ ಕ್ರೋಮ್, ಐಫೋನ್‌ಗೆ ಸಫಾರಿ. ಶುರುವಿಗೆ ಒಂದೇ ಫೋನ್, ಲಾಗಿನ್ ಟೆಸ್ಟ್ ಒಂದೇ. ಅದು ಓಡಿದ ಮೇಲೆ ಉಳಿದದ್ದು.

ಆಪ್ ಇನ್ನೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದ್ದರೆ ದೂರದ ಫೋನಿಗೆ ಅದು ಕಾಣುವುದಿಲ್ಲ. ಫೋನಿಗೂ ಲ್ಯಾಪ್‌ಟಾಪ್‌ಗೂ ನಡುವೆ ದಾರಿ ಮಾಡುವ ಅವರ ಲೋಕಲ್ ಟನಲ್ ಪ್ರೋಗ್ರಾಂ ಓಡಿಸಿ, ಸೆಟ್ಟಿಂಗ್‌ನಲ್ಲಿ ‘ಲೋಕಲ್’ ಅನ್ನುವುದನ್ನು ಟ್ರೂ ಮಾಡಿ. ಐಫೋನ್ ಸಫಾರಿಯಲ್ಲಿ ಲೋಕಲ್‌ಹೋಸ್ಟ್ (ಕಂಪ್ಯೂಟರ್ ತನ್ನನ್ನೇ ಕರೆಯುವ ವಿಳಾಸ) ಬದಲು ಬಿಎಸ್-ಲೋಕಲ್ ಡಾಟ್ ಕಾಮ್ ಅಂತ ಕೊಡಬೇಕು. ಇದು ಗೊತ್ತಿಲ್ಲದೆ ನಾನು ಒಂದು ಸಂಜೆ ಪೂರ್ತಿ ಬಿಳಿ ಪರದೆ ನೋಡಿದ್ದೇನೆ.

ಪ್ರತಿ ಕ್ಲಿಕ್ಕೂ ನೆಟ್ ಮೇಲೆ ಹೋಗಿ ಬರುವುದರಿಂದ ಟೆಸ್ಟ್ ನಿಧಾನ. ಹಾಗಂತ ಸುಮ್ನೆ ಐದು ಸೆಕೆಂಡ್ ಸ್ಲೀಪ್ ಹಾಕಬೇಡಿ. ಬಟನ್ ಕಾಣುವ ತನಕ ಕಾಯುವ ಎಕ್ಸ್‌ಪ್ಲಿಸಿಟ್ ವೇಟ್ ಹಾಕಿ. ಫೋನನ್ನು ಬಿಟ್ಟುಕೊಡುವ ಕೊನೆಯ ಕ್ವಿಟ್ ಅನ್ನು, ಟೆಸ್ಟ್ ಬಿದ್ದರೂ ಓಡುವ ಪೈಥಾನ್‌ನ ಫೈನಲಿ ಒಳಗೆ ಇಡಿ. ಇಲ್ಲದಿದ್ದರೆ ಟೆಸ್ಟ್ ನಡುವೆ ಬಿದ್ದಾಗ ಕ್ವಿಟ್ ತನಕ ಬರುವುದೇ ಇಲ್ಲ. ಫೋನ್ ಟೈಮ್‌ಔಟ್ ಆಗುವ ತನಕ ನಿಮ್ಮ ಹೆಸರಲ್ಲೇ ಸಿಕ್ಕಿಕೊಂಡಿರುತ್ತದೆ, ಮುಂದಿನ ಟೆಸ್ಟ್ ಸಾಲಿನಲ್ಲಿ ನಿಲ್ಲುತ್ತದೆ.

ಇನ್ನು ‘ಪಟಿ’ ವಿಷಯ. ಬಟನ್ ಇದೆಯಾ, ಒತ್ತಬಹುದಾ, ಅದರ ಪಠ್ಯ ‘ಪಟ್ಟಿ ನೋಡಿ’ ತಾನೇ ಅಂತ ಟೆಸ್ಟ್ ಕೇಳಿತು. ಮೂರಕ್ಕೂ ಹೌದು, ಟೆಸ್ಟ್ ಪಾಸ್! ಪುಟದ ಒಳಗೆ ಅಕ್ಷರ ಪೂರ್ತಿ ಇದೆಯಲ್ಲ. ಕತ್ತರಿಸಿದ್ದು ಪರದೆಯ ಮೇಲೆ. ಬಟನ್‌ಗೆ ನಾನು 20 ಪಿಕ್ಸೆಲ್ ಎತ್ತರ ಕಟ್ಟಿ, ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡುವುದು) ಮಾಡಿದ್ದೆ. ಐಫೋನಿನ ಕನ್ನಡ ಫಾಂಟ್ ಬೇರೆ, ಒತ್ತಕ್ಷರ ಕೆಳಗಿಳಿದು ಹೊರಗೆ ಹೋಯಿತು. ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿದ ಎತ್ತರ ನಮ್ಮ ಅಕ್ಷರಕ್ಕೆ ಸಾಲದು. ಎತ್ತರ ತೆಗೆದು ಲೈನ್-ಹೈಟ್ (ಸಾಲಿನ ಎತ್ತರ) 1.6 ಕೊಟ್ಟೆ.

ಅದಕ್ಕೇ ಈಗ ಪ್ರತಿ ಪುಟದಲ್ಲೂ ಒಂದು ಸ್ಕ್ರೀನ್‌ಶಾಟ್ ತೆಗೆಸುತ್ತೇನೆ. ಫೋನಿನ ಹೆಸರಿನ ಫೋಲ್ಡರ್‌ಗೆ ಹೋಗಿ ಬೀಳುತ್ತದೆ. ಹೊಸದೇನಾದರೂ ಹಾಕಿದ ರಾತ್ರಿ ಮೂರು ಫೋನುಗಳ ಚಿತ್ರ ಪಕ್ಕಪಕ್ಕ ಇಟ್ಟು, ಮೊದಲು ಒತ್ತಕ್ಷರಗಳನ್ನೇ ನೋಡುತ್ತೇನೆ. ಟೆಸ್ಟ್ ಮಾಡುವ ಫೋನುಗಳ ಪಟ್ಟಿಯಲ್ಲಿ ಯಜಮಾನರ ಫೋನ್ ಮಾದರಿಯೇ ಮೊದಲನೆಯದು.