ಕಾರು ಷೋಗೆ ಹೊಸ ಜೋಡಿ ಹುಡುಕಿದ್ದು: ನನ್ನ ಅನುಭವ

ನಮ್ಮ ಇಬ್ಬರು ಆ್ಯಂಕರ್‌ಗಳೂ ಒಂದೇ ವಾರದಲ್ಲಿ ಕೆಲಸ ಬಿಟ್ಟರು. ಒಬ್ಬರು ಸ್ವಂತ ಯೂಟ್ಯೂಬ್ ಚಾನೆಲ್ ಶುರು ಮಾಡುತ್ತೇನೆ ಎಂದರು. ಇನ್ನೊಬ್ಬರು ಎರಡು ದಿನ ಬಿಟ್ಟು ಬಂದು, "ಅವನಿಲ್ಲದೆ ನಾನೊಬ್ಬನೇ ಕೂತು ಯಾರ ಜೊತೆ ಮಾತಾಡಲಿ ಸರ್?" ಎಂದರು. ಆ ಮಾತನ್ನು ನಾನು ಆಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ನಾನು ಬೆಂಗಳೂರಿನ ಒಂದು ಕನ್ನಡ ಚಾನೆಲ್‌ನಲ್ಲಿ ಪ್ರೊಡ್ಯೂಸರ್. ನಮ್ಮದು ಭಾನುವಾರ ಬೆಳಿಗ್ಗೆ ಬರುವ ಅರ್ಧ ಗಂಟೆಯ ಕಾರು-ಬೈಕ್ ಕಾರ್ಯಕ್ರಮ. ಆರು ವರ್ಷ ಅದೇ ಇಬ್ಬರು ನಡೆಸಿಕೊಂಡು ಬಂದಿದ್ದರು. ಕೋಲಾರದಿಂದ ಬೀದರ್‌ವರೆಗೆ ಜನ ಫೋನ್ ಮಾಡುತ್ತಿದ್ದರು. ಡೀಸೆಲ್ ತಗೊಳ್ಳಲಾ, ಪೆಟ್ರೋಲ್ ತಗೊಳ್ಳಲಾ? ಅರವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ ಕೊಳ್ಳಬಹುದಾ? ಆದರೆ ಜನ ಟಿವಿ ಮುಂದೆ ಕೂರುತ್ತಿದ್ದದ್ದು ಆ ಇಬ್ಬರ ಜಗಳ ನೋಡೋಕೆ. ಒಬ್ಬ ಮೈಲೇಜ್ ಎಂದರೆ ಇನ್ನೊಬ್ಬ ಪಿಕಪ್ ಎನ್ನುತ್ತಿದ್ದ. ಕೊನೆಗೆ ಇಬ್ಬರೂ ರಸ್ತೆ ಬದಿಯಲ್ಲಿ ಎಳನೀರು ಕುಡಿದು ರಾಜಿಯಾಗುತ್ತಿದ್ದರು.

ಮೊದಲ ಸಲ ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. ಧಾರಾವಾಹಿಯಲ್ಲಿ ಮನೆಮಾತಾಗಿದ್ದ ಒಬ್ಬ ನಟರನ್ನು ಕರೆತಂದೆವು. ಹಳೆಯ ಆ್ಯಂಕರ್ ಹೇಳುತ್ತಿದ್ದ ನಮಸ್ಕಾರವನ್ನೇ ಅವರ ಬಾಯಲ್ಲಿ ಹೇಳಿಸಿದೆವು. ಹಾಕುತ್ತಿದ್ದ ಜಾಕೆಟ್‌ನದೇ ಬಣ್ಣದ ಜಾಕೆಟ್ ಹಾಕಿಸಿದೆವು. ಅವರದೇನೂ ತಪ್ಪಿಲ್ಲ. ಬೆಳಿಗ್ಗೆ ಐದಕ್ಕೆ ನಂದಿ ಬೆಟ್ಟದ ರಸ್ತೆಗೆ ಬರುತ್ತಿದ್ದರು, ಹನ್ನೆರಡು ಟೇಕ್ ಆದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಆದರೂ ಪ್ರತಿ ಗುರುವಾರ ರೇಟಿಂಗ್ ಬಂದಾಗ ನಾವು ಒಬ್ಬರ ಮುಖ ಒಬ್ಬರು ನೋಡುವ ಹಾಗಾಯಿತು. ಶಿವಮೊಗ್ಗದ ಹಿರಿಯರೊಬ್ಬರು ಫೋನ್ ಮಾಡಿ ಹೇಳಿದ್ದು ಈಗಲೂ ನೆನಪಿದೆ. "ಅವರಿಗೆ ಗಾಡಿ ಗೊತ್ತಿಲ್ಲ ಅಂತಲ್ಲಪ್ಪ. ಅವರು ಯಾರ ಜೊತೆ ಮಾತಾಡ್ತಿದ್ದಾರೆ ಅಂತಲೇ ಗೊತ್ತಾಗ್ತಿಲ್ಲ."

ಬಿಟ್ಟು ಹೋದ ಆ್ಯಂಕರ್ ಹೇಳಿದ್ದೂ ಅದನ್ನೇ ಅಲ್ವಾ? ಆಗ ನಾನು ಮನೆಗೆ ಬಂದು ಟಾಪ್ ಗೇರ್ ಕಥೆಯನ್ನು ಮೊದಲಿನಿಂದ ತೆಗೆದು ಕೂತೆ.

ಕಾರು ಕಾರ್ಯಕ್ರಮ ಮಾಡುವ ಯಾರಿಗಾದರೂ ಬಿಬಿಸಿಯ ಟಾಪ್ ಗೇರ್ ದೊಡ್ಡ ಪಾಠಶಾಲೆ. 2015ರಲ್ಲಿ ಅದಕ್ಕೂ ಇದೇ ಗತಿ ಬಂದಿತ್ತು, ನಮ್ಮದಕ್ಕಿಂತ ಸಾವಿರ ಪಟ್ಟು ದೊಡ್ಡದಾಗಿ. ಶೂಟಿಂಗ್ ಮುಗಿಸಿ ಬಂದ ರಾತ್ರಿ ಬಿಸಿ ಊಟ ಸಿಗಲಿಲ್ಲವೆಂದು ಅದರ ಮುಖ್ಯ ಆ್ಯಂಕರ್ ಜೆರೆಮಿ ಕ್ಲಾರ್ಕ್‌ಸನ್ ಒಬ್ಬ ಪ್ರೊಡ್ಯೂಸರ್ ಮೇಲೆ ಕೈ ಮಾಡಿದರು. ಅವರನ್ನು ಉಳಿಸಿಕೊಳ್ಳಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಆದರೂ ಮಾರ್ಚ್ 25ರಂದು ಬಿಬಿಸಿ, ಅವರ ಒಪ್ಪಂದ ಮುಂದುವರಿಸುವುದಿಲ್ಲ ಎಂದಿತು. ಈ ಕೆಲಸದಲ್ಲಿ ಇರುವವನಾಗಿ ಹೇಳುತ್ತೇನೆ, ಬಿಬಿಸಿ ಮಾಡಿದ್ದು ಸರಿ. ಎಷ್ಟೇ ದೊಡ್ಡ ಆ್ಯಂಕರ್ ಆಗಿರಲಿ, ಜೊತೆ ಕೆಲಸ ಮಾಡುವವರ ಮೇಲೆ ಕೈ ಎತ್ತುವ ಹಾಗಿಲ್ಲ. ಜೊತೆಯ ಆ್ಯಂಕರ್‌ಗಳಾದ ರಿಚರ್ಡ್ ಹ್ಯಾಮಂಡ್ ಮತ್ತು ಜೇಮ್ಸ್ ಮೇ ಕ್ಲಾರ್ಕ್‌ಸನ್ ಜೊತೆಗೇ ಹೊರಟರು. ಕಾರ್ಯಕ್ರಮವನ್ನು ಕಟ್ಟಿ ಬೆಳೆಸಿದ ಆ್ಯಂಡಿ ವಿಲ್ಮನ್ ಕೂಡ ಹೊರಟರು. ಬಿಬಿಸಿ ಹತ್ತಿರ ಹೆಸರು ಉಳಿಯಿತು, ಕಾರು ಓಡಿಸಿ ನೋಡುವ ಡನ್ಸ್‌ಫೋಲ್ಡ್‌ನ ಟ್ರ್ಯಾಕ್ ಉಳಿಯಿತು, ಹೆಲ್ಮೆಟ್ ತೆಗೆಯದ ಟೆಸ್ಟ್ ಡ್ರೈವರ್ ಸ್ಟಿಗ್ ಉಳಿದ.

ಮುಂದಿನ ವರ್ಷ ಕ್ರಿಸ್ ಇವಾನ್ಸ್ ಬಂದರು. ರೇಡಿಯೊದಲ್ಲಿ, ಟಿವಿಯಲ್ಲಿ ದೊಡ್ಡ ಹೆಸರು, ಕಾರುಗಳ ಹುಚ್ಚೂ ಇತ್ತು. ಜೊತೆಗೆ ಹಾಲಿವುಡ್ ನಟ ಮ್ಯಾಟ್ ಲೆಬ್ಲಾಂಕ್, ಪತ್ರಕರ್ತರಾದ ಕ್ರಿಸ್ ಹ್ಯಾರಿಸ್, ರೋರಿ ರೀಡ್, ಜರ್ಮನಿಯ ರೇಸರ್ ಸಬಿನ್ ಷ್ಮಿಟ್ಜ್, ಫಾರ್ಮುಲಾ ಒನ್‌ನ ಎಡ್ಡಿ ಜೋರ್ಡನ್. 2016ರ ಮೇ 29ರಂದು ಮೊದಲ ಸಂಚಿಕೆ ಬಂದಾಗ ಸುಮಾರು 44 ಲಕ್ಷ ಜನ ನೋಡಿದರು. ಆರನೇ ಸಂಚಿಕೆ ಹೊತ್ತಿಗೆ ಅದು 19 ಲಕ್ಷದ ಆಸುಪಾಸಿಗೆ ಇಳಿಯಿತು. ಜುಲೈ 4ರಂದು ಇವಾನ್ಸ್ ಬಿಟ್ಟರು. ಅವರು ಜಾಸ್ತಿ ಕೂಗುತ್ತಾರೆ ಎಂಬ ದೂರು ಎಲ್ಲ ಕಡೆ ಇತ್ತು. ನನಗೆ ಕಂಡದ್ದು ಬೇರೆ. ಕ್ಲಾರ್ಕ್‌ಸನ್ ಬಿಟ್ಟು ಹೋದ ಜಾಗವನ್ನು ಒಬ್ಬರೇ ತುಂಬಲು ಹೊರಟಿದ್ದರು. ಅದು ಒಬ್ಬರ ಜಾಗ ಆಗಿರಲೇ ಇಲ್ಲ. ಮೂವರು ಮಾತಾಡುವಾಗ ನಡುವೆ ಹುಟ್ಟುತ್ತಿದ್ದದ್ದನ್ನು ಒಬ್ಬರು ಎಲ್ಲಿಂದ ತರಬೇಕು?

ಇನ್ನೊಂದು ವಿಷಯ ಅಲ್ಲೇ ಇತ್ತು. ಆ ವರ್ಷ ಮುಖ್ಯ ಕಾರ್ಯಕ್ರಮ ಮುಗಿದ ಮೇಲೆ ಎಕ್ಸ್‌ಟ್ರಾ ಗೇರ್ ಎಂಬ ಸಣ್ಣ ಕಾರ್ಯಕ್ರಮ ಆನ್‌ಲೈನ್‌ನಲ್ಲಿ ಬರುತ್ತಿತ್ತು. ಅದನ್ನು ನಡೆಸುತ್ತಿದ್ದವರು ಹ್ಯಾರಿಸ್ ಮತ್ತು ರೀಡ್. ದೊಡ್ಡ ಸ್ಟುಡಿಯೊ ಆಡಂಬರ ಇಲ್ಲ, ಇಬ್ಬರೂ ಆರಾಮಾಗಿ ಹರಟುತ್ತಿದ್ದರು. 2017ರಲ್ಲಿ ಲೆಬ್ಲಾಂಕ್ ಜೊತೆ ಅದೇ ಇಬ್ಬರು ಮುಖ್ಯ ಕಾರ್ಯಕ್ರಮಕ್ಕೆ ಬಂದರು. ಕಾರ್ಯಕ್ರಮ ಉಸಿರಾಡತೊಡಗಿತು. ಬೇಕಾದ ಜೋಡಿ ಪಕ್ಕದ ಕೋಣೆಯಲ್ಲೇ ಇತ್ತು.

ಹಳೆಯ ಮೂವರೂ ಮೊದಲ ದಿನದಿಂದ ಜೊತೆಗಿರಲಿಲ್ಲ. 2002ರಲ್ಲಿ ಹೊಸ ರೂಪದಲ್ಲಿ ಶುರುವಾದಾಗ ಮೂರನೆಯವರು ಜೇಸನ್ ಡಾ. ಎರಡನೇ ಸರಣಿಯಿಂದ ಅವರ ಜಾಗಕ್ಕೆ ಜೇಮ್ಸ್ ಮೇ ಬಂದರು. ಆ ಬದಲಾವಣೆ ಇವತ್ತು ಯಾರಿಗೂ ನೆನಪಿಲ್ಲ, ಅಷ್ಟು ಚೆನ್ನಾಗಿ ಕೂಡಿಕೊಂಡಿತು. ಹಾಗಂತ ಹೆಸರಿದ್ದವರನ್ನು ತರಲೇಬಾರದು ಅಂತೇನೂ ಇಲ್ಲ. 2019ರಲ್ಲಿ ಬಂದ ಆ್ಯಂಡ್ರ್ಯೂ ಫ್ಲಿಂಟಾಫ್ ಕ್ರಿಕೆಟಿಗ. ವಾಂಖೆಡೆಯಲ್ಲಿ ಅಂಗಿ ಬಿಚ್ಚಿ ಓಡಿದವರು ಎಂದರೆ ನಮ್ಮವರಿಗೆ ತಕ್ಷಣ ಗೊತ್ತಾಗುತ್ತದೆ. ಅವರ ಜೊತೆ ಬಂದ ಪ್ಯಾಡಿ ಮೆಕ್‌ಗಿನ್ನಿಸ್ ಹಾಸ್ಯಗಾರ. ಇಬ್ಬರೂ ಇಂಗ್ಲೆಂಡಿನ ಲ್ಯಾಂಕಷೈರ್ ಕಡೆಯವರು, ಒಂದೇ ಬಗೆಯ ಮಾತು, ಒಂದೇ ಬಗೆಯ ತಮಾಷೆ. ಪಕ್ಕದಲ್ಲಿ ಕಾರು ಚೆನ್ನಾಗಿ ಬಲ್ಲ ಹ್ಯಾರಿಸ್ ಇದ್ದೇ ಇದ್ದರು. ಆ ಮೂವರನ್ನೂ ಜನ ಒಪ್ಪಿಕೊಂಡರು. ಮರುವರ್ಷ ಕಾರ್ಯಕ್ರಮ ಬಿಬಿಸಿಯ ಮುಖ್ಯ ಚಾನೆಲ್ ಬಿಬಿಸಿ ಒನ್‌ಗೆ ಹೋಯಿತು.

ಇಷ್ಟು ನೋಡಿದ ಮೇಲೆ ನಾನು ಆಡಿಷನ್ ನಡೆಸುವ ರೀತಿಯನ್ನೇ ಬದಲಿಸಿದೆ. ಸ್ಟುಡಿಯೊ ಬೇಡ, ಪ್ರಾಂಪ್ಟರ್ ಬೇಡ ಎಂದೆ. ಮೊದಲ ಸುತ್ತಿನಲ್ಲಿ ಒಂದೇ ಪ್ರಶ್ನೆ: ನಿಮ್ಮ ಮನೆಗೆ ಬಂದ ಮೊದಲ ಗಾಡಿ ಯಾವುದು? ಹಾರ್ಸ್‌ಪವರ್, ಟಾರ್ಕ್ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದವರು ಇಲ್ಲಿ ತಡವರಿಸಿದರು. ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದರು, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರು. ಅಪ್ಪನ ಬಜಾಜ್ ಚೇತಕ್ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದೆ, ಅದನ್ನು ಒಂದು ಬದಿಗೆ ವಾಲಿಸಿ ಹಿಡಿಯುವುದು ತನ್ನ ಕೆಲಸವಾಗಿತ್ತು ಎಂದರು. ಹೇಳುವಾಗ ಅವರ ಎರಡೂ ಕೈ ಗಾಳಿಯಲ್ಲಿ ಹ್ಯಾಂಡಲ್ ಹಿಡಿದಿದ್ದವು. ಹುಬ್ಬಳ್ಳಿಯ ಹುಡುಗನೊಬ್ಬ ಮನೆಯ ಮೊದಲ ಗಾಡಿ ಗಿರಾಕಿಯದು ಎಂದ. ಅಪ್ಪನ ಗ್ಯಾರೇಜ್, ರಿಪೇರಿಗೆ ಬಂದ ಅಂಬಾಸಡರ್ ಆರು ತಿಂಗಳು ಮನೆ ಮುಂದೆಯೇ ನಿಂತಿತ್ತಂತೆ.

ಎರಡನೇ ಸುತ್ತು ರಸ್ತೆಯ ಮೇಲೆ. ಇಬ್ಬಿಬ್ಬರನ್ನು ಒಂದು ಕಾರಿನಲ್ಲಿ ಕೂರಿಸುವುದು, ಬೆಂಗಳೂರಿನಿಂದ ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿ ಘಾಟಿ ಇಳಿಸುವುದು. ಕಾರಿನೊಳಗೆ ಕ್ಯಾಮೆರಾಮನ್ ಇರುವುದಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ಎರಡು ಸಣ್ಣ ಕ್ಯಾಮೆರಾ, ಹಿಂದಿನ ಸೀಟಿನ ನಡುವೆ ಒಂದು. ಬ್ಯಾಟರಿ ದಾರಿ ಮಧ್ಯೆ ಕೈಕೊಡುತ್ತದೆ, ಅದಕ್ಕೆ ಮೂರಕ್ಕೂ ಪವರ್ ಬ್ಯಾಂಕಿನ ವೈರ್ ಕೊಡಬೇಕು. ಕಾಲರ್ ಮೈಕ್ ಹಾಕಿ ರೆಕಾರ್ಡರನ್ನು ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಡಬೇಕು. ಎಸಿ ಗಾಳಿಯ ಸದ್ದು ಮಾತನ್ನು ನುಂಗಿಬಿಡುತ್ತದೆ, ಹಾಗಾಗಿ ಎಸಿ ಆಫ್, ತಂಪು ಇರುವ ಬೆಳಿಗ್ಗೆಯೇ ಹೊರಡಬೇಕು. ಲೈಸೆನ್ಸ್ ನೋಡದೆ, ಇನ್ಶೂರೆನ್ಸ್ ಪೇಪರ್ ಕೈಗೆ ಬಾರದೆ ಕೀ ಕೊಡಬಾರದು. ನಾವು ಹಿಂದಿನ ಗಾಡಿಯಲ್ಲಿ, ಅವರ ಮಾತು ನಮಗೆ ಕೇಳಿಸುತ್ತಿರಲಿಲ್ಲ. ಏನು ಮಾತಾಡಬೇಕು ಎಂದು ಹೇಳಿಕೊಟ್ಟೂ ಇರಲಿಲ್ಲ. ಮೊದಲ ಒಂದು ಗಂಟೆ ಎಲ್ಲರೂ ಕ್ಯಾಮೆರಾಗೆ ಮಾತಾಡುತ್ತಾರೆ. ಮೂರನೇ ಗಂಟೆಗೆ ಹೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ. ನನಗೆ ಬೇಕಿದ್ದದ್ದು ಅದಾದ ಮೇಲಿನ ಮಾತು.

ನಾಲ್ಕು ಜೋಡಿ ಹೋಗಿ ಬಂದವು. ಹಾಸನದವರು ಮತ್ತು ಹುಬ್ಬಳ್ಳಿ ಹುಡುಗನದು ಮೂರನೆಯದು. ಹಾಸನದ ತನಕ ಅವರಿಬ್ಬರ ಮಾತೂ ಸಪ್ಪೆಯೇ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದಾಗ ಮಂಜು ಕವಿಯಿತು. ಮುಂದೆ ಸರ್ಕಾರಿ ಬಸ್. ಅವರು ಸ್ಟಿಯರಿಂಗ್ ಹಿಡಿದಿದ್ದಾರೆ, ಪಕ್ಕದಲ್ಲಿ ಇವನು. "ದಾಟಿ ಹೋಗ್ರಿ ಅಕ್ಕಾರ, ಜಾಗ ಐತಿ" ಎಂದ. "ಸುಮ್ನಿರಿ. ಬಸ್ ಡ್ರೈವರ್‌ಗೆ ಮುಂದಿನ ತಿರುವು ಕಾಣುತ್ತೆ, ನಮಗೆ ಕಾಣಲ್ಲ" ಎಂದರು. ಅವನು ಸುಮ್ಮನಾದ. ಎರಡು ತಿರುವು ಕಳೆದ ಮೇಲೆ ಮೂಗು ಅರಳಿಸಿ, ಮೆಲ್ಲಗೆ, "ವಾಸನಿ ಬರಾಕತ್ತೈತ್ರಿ. ಬ್ರೇಕ್ ಭಾಳ ಒತ್ತೀರಿ. ಎರಡನೇ ಗೇರಿಗೆ ತಗೋರಿ" ಎಂದ. ಅವರು ಒಂದು ಕ್ಷಣ ಅವನ ಕಡೆ ನೋಡಿದರು. ಹತ್ತು ವರ್ಷ ಬೇರೆಯವರಿಗೆ ಡ್ರೈವಿಂಗ್ ಕಲಿಸಿದವರು. ಮಾತಾಡದೆ ಗೇರ್ ಇಳಿಸಿದರು. ಎಂಜಿನ್ ಸದ್ದು ಏರಿತು, ಗಾಡಿ ತಾನೇ ನಿಧಾನವಾಯಿತು. ಆಮೇಲೆ ಸುಮಾರು ನಲವತ್ತು ಸೆಕೆಂಡ್ ಇಬ್ಬರೂ ಮಾತಾಡಲಿಲ್ಲ. ವೈಪರ್ ಸದ್ದು ಮಾತ್ರ. ಕೊನೆಗೆ ಅವರೇ, "ನಿಮ್ಮ ಅಪ್ಪ ಇದೇ ವಾಸನೆಯಲ್ಲಿ ಬೆಳೆಸಿದ್ದಾರೆ ನಿಮ್ಮನ್ನ" ಎಂದು ನಕ್ಕರು.

ಎಡಿಟ್ ರೂಮಿನಲ್ಲಿ ಇದನ್ನು ನೋಡುವಾಗ ನಮ್ಮ ಎಡಿಟರ್ ಮೌಸ್‌ನಿಂದ ಕೈ ತೆಗೆದುಬಿಟ್ಟ. ಟಿವಿಯಲ್ಲಿ ನಾಲ್ಕು ಸೆಕೆಂಡ್ ಮೌನ ಇದ್ದರೂ ಕತ್ತರಿಸುವವನು ಅವನು. "ಇದನ್ನ ಹೀಗೇ ಬಿಡೋಣ ಸರ್" ಎಂದ. ಅಲ್ಲಿಗೆ ಹುಡುಕಾಟ ಮುಗಿಯಿತು. ಆ ನಲವತ್ತು ಸೆಕೆಂಡನ್ನು ಮೊದಲ ಸಂಚಿಕೆಯಲ್ಲಿ ಪೂರ್ತಿ ಹಾಕಿದೆವು.

ಹೊಸಬರು ಬರುವ ಮೊದಲು ಹಳಬರಿಗೆ ಸರಿಯಾದ ವಿದಾಯ ಬೇಕು. ನಾವು ಅದನ್ನೂ ತಡವಾಗಿಯೇ ಮಾಡಿದೆವು. ಟಾಪ್ ಗೇರ್‌ನಲ್ಲಿ ಹಳೆಯ ಮೂವರ ಕೊನೆಯ ಸಂಚಿಕೆ 2015ರ ಜೂನ್ 28ರಂದು ಬಂತು. ಮೊದಲೇ ಚಿತ್ರೀಕರಿಸಿದ್ದ ಭಾಗಗಳನ್ನು ಜೋಡಿಸಿದ್ದರು. ಪ್ರೇಕ್ಷಕರಿಲ್ಲದ ಖಾಲಿ ಸ್ಟುಡಿಯೊದಲ್ಲಿ ಹ್ಯಾಮಂಡ್ ಮತ್ತು ಮೇ ಇಬ್ಬರೇ ನಿಂತಿದ್ದರು, ಹಿಂದೆ ಒಂದು ದೊಡ್ಡ ಆನೆಯ ಬೊಂಬೆ. ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಇಂಗ್ಲಿಷ್‌ನಲ್ಲಿ 'ಕೋಣೆಯೊಳಗಿನ ಆನೆ' ಎನ್ನುತ್ತಾರೆ; ಕ್ಲಾರ್ಕ್‌ಸನ್ ಇಲ್ಲ ಎಂಬುದು ಆ ಆನೆ ರೂಪದಲ್ಲಿ ನಿಂತಿತ್ತು. ನೋಡುವಾಗ ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಗಿತ್ತು. ನಾವು ನಮ್ಮ ಹಳೆಯ ಇಬ್ಬರನ್ನೂ ಕರೆದೆವು. ಒಬ್ಬರು ಬಂದರು. ಹೊಸ ಜೋಡಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು ರಾಮನಗರದವರೆಗೆ ಬಂದು, ಅಲ್ಲಿ ಇಳಿದುಕೊಂಡರು. ಹಾರ, ಶಾಲು ಏನೂ ಇಲ್ಲ. ಇಳಿಯುವಾಗ "ಟೈರ್ ಪ್ರೆಷರ್ ನೋಡ್ಕೊಳ್ಳಿ" ಎಂದರು, ಆರು ವರ್ಷ ಪ್ರತಿ ಸಂಚಿಕೆಯ ಕೊನೆಗೆ ಹೇಳುತ್ತಿದ್ದ ಮಾತು.

ಟಾಪ್ ಗೇರ್‌ನಲ್ಲಿ 2016ರಿಂದ ಕೊನೆಯವರೆಗೆ ಉಳಿದವರು ಹ್ಯಾರಿಸ್. ಸುತ್ತಲಿನವರು ಬದಲಾದರೂ ಅವರೊಬ್ಬರು ಕೊಂಡಿಯಾಗಿದ್ದರು. ನಮ್ಮಲ್ಲಿ ಆ ಕೊಂಡಿ ನೋಡುಗರ ಪತ್ರಗಳಿಗೆ ಉತ್ತರ ಹೇಳುವ ಹಿರಿಯ ಮೆಕ್ಯಾನಿಕ್. ಅವರಿಗೆ ವಾರಕ್ಕೆ ಮೂರು ನಿಮಿಷ ಇತ್ತು, ಆರಕ್ಕೆ ಏರಿಸಿದೆ. ಅವರು ಹೊಸಬರನ್ನು ಮಗಳೇ, ತಮ್ಮಾ ಎಂದು ಕರೆದಿದ್ದೇ ಅರ್ಧ ಕೆಲಸ ಮಾಡಿತು.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳಲಿಲ್ಲ. ಹೊಸ ಆ್ಯಂಕರ್‌ಗೆ ಹಳಬರನ್ನು ಮೀರಿಸುವ ಆಸೆ ಇರುತ್ತದೆ. ಆಫೀಸಿನವರಿಗೂ ಇರುತ್ತದೆ. ಹ್ಯಾಮಂಡ್ 2006ರಲ್ಲಿ ಗಂಟೆಗೆ 288 ಮೈಲಿ ವೇಗದಲ್ಲಿ ಜೆಟ್ ಕಾರು ಓಡಿಸುವಾಗ ಟೈರ್ ಸಿಡಿದು ಸಾವಿನ ದವಡೆಯಿಂದ ಪಾರಾದರು. 2022ರ ಡಿಸೆಂಬರ್‌ನಲ್ಲಿ ಫ್ಲಿಂಟಾಫ್ ತೆರೆದ ಮೂರು ಚಕ್ರದ ಗಾಡಿಯಲ್ಲಿ ಬಿದ್ದು ಮುಖಕ್ಕೆ ದೊಡ್ಡ ಪೆಟ್ಟು ಮಾಡಿಕೊಂಡರು. ಮರುವರ್ಷ ನವೆಂಬರ್‌ನಲ್ಲಿ ಬಿಬಿಸಿ ಕಾರ್ಯಕ್ರಮವನ್ನೇ ನಿಲ್ಲಿಸಿತು. ಅಷ್ಟು ದೊಡ್ಡ ತಂಡ, ಅಷ್ಟು ಹಣ ಇದ್ದಲ್ಲೇ ಹೀಗಾದರೆ ನಮ್ಮ ಗತಿ ಏನು? ಮೊದಲ ಹದಿಮೂರು ಸಂಚಿಕೆ ಯಾವ ಸಾಹಸವೂ ಇಲ್ಲ ಎಂದು ಬರೆದು ಸಹಿ ಹಾಕಿಸಿಕೊಂಡೆ. ಪ್ರೋಮೊ ಸಪ್ಪೆ ಆಗುತ್ತದೆ ಎಂದು ಮೀಟಿಂಗ್‌ನಲ್ಲಿ ಬೈಸಿಕೊಂಡೆ. ಆಗಲಿ.

ಹಾಸನದವರು ಈಗ ಹೆರಿಗೆ ರಜೆಗೆ ಹೋಗುತ್ತಿದ್ದಾರೆ. ಆರು ತಿಂಗಳಿಗೆ ಹುಬ್ಬಳ್ಳಿ ಹುಡುಗನ ಪಕ್ಕ ಯಾರನ್ನು ಕೂರಿಸುವುದು ಎಂದು ಅವನನ್ನೇ ಕೇಳಿದೆ. "ಅಕ್ಕಾರು ಒಪ್ಪಿದವರು ಬರಲಿ ಸರ್" ಎಂದ. ಅವರೇ ಮೂವರ ಹೆಸರು ಕೊಟ್ಟಿದ್ದಾರೆ. ಸೋಮವಾರ ಬೆಳಿಗ್ಗೆ ಐದಕ್ಕೆ ಮೊದಲನೆಯವರ ಜೊತೆ ಅವನು ಹೊರಡುತ್ತಾನೆ. ಘಾಟಿಯಲ್ಲಿ ಮಳೆ ಶುರುವಾಗಿದೆಯಂತೆ. ನಾಳೆ ಗಾಡಿಯ ವೈಪರ್ ಬ್ಲೇಡ್ ಬದಲಿಸಿ, ಬ್ರೇಕ್ ಪ್ಯಾಡ್ ನೋಡಿಸಬೇಕು.