ಬ್ರಿಟನ್ನಿನಲ್ಲಿ ಕಾಯರ್ ಸೇರುವ ಮುಂಚೆ

ಮಲ್ಲೇಶ್ವರದ ಗಣೇಶೋತ್ಸವದಲ್ಲಿ ಹತ್ತು ಜನ ನಿಂತು ಭಾವಗೀತೆ ಹಾಡಿದರೆ ಹತ್ತೂ ಜನರದು ಒಂದೇ ಧಾಟಿ. ಅದೇ ಅಭ್ಯಾಸದಲ್ಲಿ ನಾನು ಇಂಗ್ಲೆಂಡಿನ ಲೀಡ್ಸ್‌ನ ಒಂದು ಕಾಯರ್‌ಗೆ, ಅಂದರೆ ಸಮೂಹ ಗಾಯನದ ತಂಡಕ್ಕೆ ಹೋಗಿ, ಮುಂದೆ ಕೂತ ಹೆಂಗಸರ ಧಾಟಿಯನ್ನೇ ಎಳೆದೆ. ಪಕ್ಕದವರು ಮೆಲ್ಲಗೆ ಪುಸ್ತಕದ ಕೆಳಗಿನ ಸಾಲು ತೋರಿಸಿದರು. ಹೆಂಗಸರ ಏರುದನಿಗೆ ಸೊಪ್ರಾನೊ, ತಗ್ಗುದನಿಗೆ ಆಲ್ಟೊ, ಗಂಡಸರ ಏರುದನಿಗೆ ಟೆನರ್, ತಗ್ಗುದನಿಗೆ ಬಾಸ್ ಅಂತ ನಾಲ್ಕು ಗುಂಪು, ಒಂದೊಂದಕ್ಕೂ ಬೇರೆ ಧಾಟಿ. ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇನೆ. ಅಲ್ಲಿಗೆ ಹೊರಟವರೆಲ್ಲ ಕೇಳುವುದು ಒಂದೇ: "ಗೆರೆ-ಚುಕ್ಕಿಯ ನೋಟೇಷನ್ ಓದೋಕೆ ಬರಲ್ಲ, ಸೇರಿಸ್ಕೋತಾರಾ?" ಯಾವ ಊರಿಗೆ ಹೋಗುತ್ತೀರಿ, ಮೊದಲು ಅದು ಹೇಳಿ.

ಲೀಡ್ಸ್ ಇರುವ ಯಾರ್ಕ್‌ಷೈರ್ ಹಳೆಯ ಕೋರಲ್ ಸೊಸೈಟಿಗಳ, ಅಂದರೆ ಗಾಯನ ಸಂಘಗಳ ಸೀಮೆ. ಹಡರ್ಸ್‌ಫೀಲ್ಡ್‌ನದು 1836ರಲ್ಲಿ ಶುರುವಾಯಿತು. ಇಂಥ ಕಡೆ ಸಾಮಾನ್ಯವಾಗಿ ಆಡಿಷನ್ ಇರುತ್ತದೆ, ಚಂದಾ ಕಟ್ಟಬೇಕು. ಸಂಗೀತ ಪಾಠ ಅಂದುಕೊಳ್ಳಬೇಡಿ. ಇದು ಸಂಘ, ಕುರ್ಚಿ ಜೋಡಿಸುವವರೂ ಸದಸ್ಯರೇ. ಹಾಡಿನ ಪುಸ್ತಕ ಬಹಳ ಸಲ ಬಾಡಿಗೆಯದು. ಪೆನ್ಸಿಲಿನಲ್ಲೇ ಗುರುತು ಹಾಕಬೇಕು, ಕಛೇರಿ ಮುಗಿದ ಮೇಲೆ ಕೂತು ಅಳಿಸಿ ಕೊಡಬೇಕು. ರಬ್ಬರ್ ಮರೆಯಬೇಡಿ! ಇಷ್ಟೆಲ್ಲ ಬೇಡ ಅಂದರೆ ಶೆಫೀಲ್ಡ್ ಸುತ್ತಲ ಹಳ್ಳಿಗಳ ಪಬ್‌ಗೆ ಹೋಗಿ. ನವೆಂಬರ್ ನಡುವಿನಿಂದ ಕ್ರಿಸ್‌ಮಸ್‌ವರೆಗೆ ಊರಿನವರು ಹಳೆಯ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಹಾಡುತ್ತಾರೆ. ಒಂದು ಕಾಲಕ್ಕೆ ಚರ್ಚು ಬೇಡ ಅಂದ ಹಾಡುಗಳು ಪಬ್ಬಿನಲ್ಲಿ ಉಳಿದುಕೊಂಡವು. ಸುಮ್ನೆ ಜ್ಯೂಸ್ ಹಿಡಿದು ದನಿಗೂಡಿಸಿದರೂ ಸಾಕು.

ವೇಲ್ಸ್ ನನಗೆ ತುಂಬಾ ಇಷ್ಟ. ಕಲ್ಲಿದ್ದಲ ಕಣಿವೆಗಳಲ್ಲಿ ಬೆಳೆದ ಗಂಡಸರ ಕಾಯರ್‌ಗಳು ಅಲ್ಲಿಯ ಹೆಮ್ಮೆ. 19ನೇ ಶತಮಾನದಲ್ಲಿ ಅಲ್ಲಿಯ ಕೆಲಸಗಾರರು ನಾಲ್ಕು ಧಾಟಿಯ ಹಾಡು ಕಲಿತದ್ದು ಗೆರೆ-ಚುಕ್ಕಿ ನೋಡಿ ಅಲ್ಲ, ಜಾನ್ ಕರ್ವೆನ್ ಬಳಕೆಗೆ ತಂದ ಟಾನಿಕ್ ಸೋಲ್-ಫಾ (ಡೋ-ರೇ-ಮಿ) ಅಕ್ಷರಗಳಿಂದ. ಇದರಲ್ಲಿ 'ಡೋ' ಅನ್ನುವ ಮೊದಲ ಸ್ವರ ಒಂದೇ ಕಡೆ ನಿಲ್ಲುವುದಿಲ್ಲ. ಶ್ರುತಿ ಎಷ್ಟು ಮನೆಯದಾದರೂ ಸರಿ, ಅಲ್ಲಿಂದ ಲೆಕ್ಕ. ನಮ್ಮ ಷಡ್ಜದ ಹಾಗೇ ಅಲ್ವಾ? ಸರಳೆ ವರಸೆ ಗಟ್ಟಿಯಿದ್ದರೆ ನಿಮ್ಮ ಸಾಲನ್ನು ಸರಿಗಮದಲ್ಲಿ ಬರೆದುಕೊಳ್ಳಿ. ನಾನು ಬಚಾವಾದದ್ದೇ ಹಾಗೆ. ಹಾಡಿನ ನಡುವೆ ಕೀ (ಆಧಾರ ಶ್ರುತಿ) ಬದಲಾದರೆ ಷಡ್ಜವನ್ನೂ ಸರಿಸಿ, ಗ್ರಹಭೇದ ಅಂದುಕೊಳ್ಳಿ. ಗಮಕ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಸ್ವರ ಅಲುಗಿದರೆ ಉಳಿದ ಮೂರು ಧಾಟಿಗಳ ಜೊತೆ ಕೂಡುವುದೇ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಅಲ್ಲಿಯ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ ಹಾಡುವ ಕಾಯರ್‌ಗಳಿವೆ. 1892ರಲ್ಲಿ ಓಬನ್‌ನಲ್ಲಿ ಶುರುವಾದ 'ಮಾಡ್' ಎಂಬ ಗೇಲಿಕ್ ಉತ್ಸವದ ಸ್ಪರ್ಧೆಯಲ್ಲಿ ಭಾಷೆಗೇ ಬೇರೆ ಅಂಕ. ಇನ್ನು ಕಥೀಡ್ರಲ್ (ಬಿಷಪ್ಪರ ಮುಖ್ಯ ಚರ್ಚು) ಇರುವ ಊರಾದರೆ ಈವನ್‌ಸಾಂಗ್‌ಗೆ, ಅಂದರೆ ಕಾಯರ್ ಹಾಡುವ ಸಂಜೆಯ ಪ್ರಾರ್ಥನೆಗೆ ಹೋಗಿ ಕೂರಿ, ಟಿಕೆಟ್ ಇಲ್ಲ. ಮಗಳು ಹಾಡುತ್ತಾಳಾ? ಸಾಲ್ಸ್‌ಬರಿ ಕಥೀಡ್ರಲ್‌ನಲ್ಲಿ 1991ರಿಂದ ಹುಡುಗರ ಜೊತೆಗೆ ಹುಡುಗಿಯರ ಗುಂಪೂ ಇದೆ.

ಆಡಿಷನ್ ಇಲ್ಲದ, ಕೇಳಿ ಕಲಿಯುವ ಪಾಪ್ ಕಾಯರ್‌ಗಳು ಈಗ ಎಲ್ಲ ಕಡೆ ಜಾಸ್ತಿ. ನಿಮ್ಮದು ಟೆನರ್ ದನಿಯೋ? ಅವರು ಸಿಗುವುದೇ ಕಡಿಮೆ, ಹಾಗಾಗಿ ಸೇರಿಸಿಕೊಳ್ಳುತ್ತಾರಾ ಅನ್ನುವ ಪ್ರಶ್ನೆಯೇ ಇಲ್ಲ, ಬಾಗಿಲಲ್ಲೇ ಹಿಡಿದು ಕೂರಿಸುತ್ತಾರೆ. ಸೊಪ್ರಾನೊ ಆದರೆ ಕಾಯಬೇಕಾಗಬಹುದು. ವಿಮಾನ ಹತ್ತುವ ಮುಂಚೆಯೇ ಒಂದು ಈಮೇಲ್ ಹಾಕಿಬಿಡಿ.